ವರ್ಷತೊಡಕಿನ ಸೀಸೆ

ವರ್ಷತೊಡಕಿನ ದಿನ ಲಸಿಕೆ ಶಿಬಿರ ಇಡಬೇಕೆಂದು ಯಾರಿಗೆ ಹೊಳೆಯಿತೋ, ಆ ಪುಣ್ಯಾತ್ಮ ಖಂಡಿತ ನಮ್ಮ ಕಡೆಯವನಲ್ಲ. ಯುಗಾದಿಯ ಮಾರನೆಯ ದಿನ ಹಳೇಬೀಡಿನ ಸುತ್ತಮುತ್ತ ಮಾಂಸದ ಬಾಡಿನೆಸರು ಕುದಿಯದ ಒಲೆ ಸಿಗುವುದು ಕಷ್ಟ. ಅವತ್ತು ಏನು ಮಾಡುತ್ತೇವೋ ಅದೇ ವರ್ಷವೆಲ್ಲ ನಡೆಯುತ್ತದೆಂದು ಜನ ನಂಬುತ್ತಾರೆ. ಹಾಗಾಗಿ ಅವತ್ತು ಯಾರೂ ಅಳುವುದಿಲ್ಲ, ಸಾಲ ಕೇಳುವುದಿಲ್ಲ, ಗಂಡ ಹೆಂಡತಿ ಕೂಡ ಜಗಳವನ್ನು ನಾಳೆಗೆ ಎತ್ತಿಡುತ್ತಾರೆ. ಅಂಥ ದಿನ ತೋಳಿಗೆ ಸೂಜಿ ಚುಚ್ಚಿಸಿಕೊಂಡು ವರ್ಷವಿಡೀ ಚುಚ್ಚಿಸಿಕೊಳ್ಳುತ್ತಿರಲು ಯಾರಿಗೆ ತಲೆ ಕೆಟ್ಟಿದೆ?

ಮೇಲಿನವರ ಆದೇಶ ಆದೇಶವೇ. ೨೦೨೧ರ ಆ ಬೆಳಿಗ್ಗೆ ನರ್ಸಮ್ಮ ಹೇಮಾಶ್ರೀ ಮಾದಿಹಳ್ಳಿಯ ಶಾಲೆ ಜಗಲಿಯಲ್ಲಿ ಲಸಿಕೆಯ ಐಸಿನ ಡಬ್ಬಿ ಇಟ್ಟುಕೊಂಡು ಕೂತಳು. ಬೀದಿಯಲ್ಲಿ ಮಸಾಲೆ ಹುರಿದ ವಾಸನೆ ತುಂಬಿತ್ತು. ಅವಳ ಊಟದ ಡಬ್ಬಿಯಲ್ಲಿ ಬೆಳಗಿನ ಉಪ್ಪಿಟ್ಟು ತಣ್ಣಗಾಗಿತ್ತು. ಉಪಕೇಂದ್ರದ ಹಿಂದಿನ ಒಂಟಿ ಕೋಣೆಯಲ್ಲಿ ಅವಳ ವಾಸ. ಊರಿಗೆ ಕೊರೋನಾ ಬಂದಾಗಿನಿಂದ ಅಕ್ಕಪಕ್ಕದವರು ಹಾಲಿನ ಚೊಂಬನ್ನು ಕಾಂಪೌಂಡಿನ ಮೇಲೆ ಇಟ್ಟು ದೂರದಿಂದ ಕೂಗಿ ಹೋಗುತ್ತಿದ್ದರು. ಹಬ್ಬದ ಹೋಳಿಗೆಯೂ ಹಾಗೇ ಬಂದಿತ್ತು.

ಗಂಡ ಉಮೇಶ ಮೊಜಾಂಬಿಕ್ ದೇಶದಲ್ಲಿದ್ದ. ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲಿ ಬೆಳೆದವನು. ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗೆ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಹೇಳುತ್ತಿದ್ದ. ಆ ಕಿವಿಯನ್ನೇ ನೆಚ್ಚಿಕೊಂಡು ಅಲ್ಲಿನ ಎಣ್ಣೆ ಗಿರಣಿಯವರು ಕರೆಸಿಕೊಂಡಿದ್ದರು. ವರ್ಷಕ್ಕೊಮ್ಮೆ ಬರುವ ಮಾತಿತ್ತು. ವಿಮಾನಗಳು ನಿಂತ ಮೇಲೆ ಆ ಮಾತೂ ನಿಂತಿತು. ಅವನಿಗೆ ಸಕ್ಕರೆ ಕಾಯಿಲೆ ಬೇರೆ. ಮಾರ್ಚಿನಲ್ಲಿ ಅಲ್ಲಿ ಸಕ್ಕರೆ ಇದ್ದವರಿಗೆ ಮೊದಲು ಲಸಿಕೆ ಹಾಕಿದಾಗ ಅವನು ಸೀಸೆಯ ಫೋಟೊ ಕಳಿಸಿದ್ದ. ಅದರ ಮೇಲೆ ಇಂಡಿಯಾ ಅಂತ ಬರೆದಿತ್ತು. "ನೋಡೇ, ತವರಿಂದ ಬಂದೈತೆ" ಅಂದಿದ್ದ. ತಾನು ದಿನಾ ಹಿಡಿಯುವ ಸೀಸೆಯೇ ಅಷ್ಟು ದೂರ ಹೋಗಿ ತನ್ನ ಗಂಡನನ್ನು ಮುಟ್ಟಿತಲ್ಲ ಎಂದು ಹೇಮಾಶ್ರೀಗೆ ಅವತ್ತು ಹೊಟ್ಟೆ ತುಂಬ ಸಂತೋಷವಾಗಿತ್ತು.

ಮಧ್ಯಾಹ್ನದ ಹೊತ್ತಿಗೆ ಜವರಪ್ಪಜ್ಜ ಒಬ್ಬನೇ ಕೋಲೂರಿಕೊಂಡು ಬಂದ. ಹೆಂಡತಿ ತೀರಿಕೊಂಡ ಮೇಲೆ ಅವನ ಮನೆಯಲ್ಲಿ ಹಬ್ಬ ಅನ್ನುವುದು ಇರಲಿಲ್ಲ.

"ಚುಚ್ಚವ್ವಾ. ನಂಗೇನು ಬಾಡಿನೂಟ ಕಾದಿಲ್ಲ."

ಒಂದು ಸೀಸೆಯಲ್ಲಿ ಹತ್ತು ಜನಕ್ಕಾಗುವಷ್ಟು ಮದ್ದು. ಒಮ್ಮೆ ಸೀಸೆಗೆ ಸೂಜಿ ಚುಚ್ಚಿದರೆ ನಾಲ್ಕು ಗಂಟೆಯೊಳಗೆ ಮುಗಿಸಬೇಕು. ಉಳಿದದ್ದು ಕೆಲಸಕ್ಕೆ ಬಾರದು. ಹತ್ತು ಜನ ಸೇರಲಿ, ಆಮೇಲೆ ಬಾ ಅನ್ನಬಹುದಿತ್ತು. ಆದರೆ ಅವಳಿಗೆ ಊರಿನ ಮೇಲೆ ಸಿಟ್ಟು ಬಂದಿತ್ತು, ಅಜ್ಜನ ಮೇಲೆ ಕನಿಕರವೂ ಬಂದಿತ್ತು. ಒಬ್ಬರು ಹಾಕಿಸಿಕೊಂಡದ್ದು ಕಂಡರೆ ಇನ್ನೊಬ್ಬರು ಬಂದಾರು ಅಂದುಕೊಂಡು ಸೀಸೆ ತೆಗೆದೇಬಿಟ್ಟಳು. ಯಾರೂ ಬರಲಿಲ್ಲ. ಮನೆಮನೆ ಬಾಗಿಲಿಗೆ ಹೋಗಿ ಕರೆದಳು. "ನಾಳೆ ಬತ್ತೀವಿ ಕಣಮ್ಮ" ಅಂದರು, ಬಾಯಲ್ಲಿ ಮೂಳೆ ಇಟ್ಟುಕೊಂಡೇ. ಸಂಜೆ ಒಂಬತ್ತು ಜನರ ಮದ್ದು ದಂಡವಾಯಿತು.

ಅದನ್ನು ಅವಳು ಫೋನಿನಲ್ಲಿ ನಗುತ್ತಾ ಹೇಳಿದಳು. ಉಮೇಶ ನಗಲಿಲ್ಲ.

"ಒಂಬತ್ತೂ ದಂಡನಾ?" ಅಂದ. "ಇಲ್ಲಿ ಎರಡನೇ ಡೋಸು ಬರಲ್ಲಂತೆ ಕಣೇ. ಇಂಡಿಯಾದಿಂದ ಕಳಿಸೋದು ನಿಲ್ಸವ್ರಂತೆ" ಅಂದ.

ಆಗ ಅವಳ ನಗು ನಿಂತಿತು.

ಮೇ ತಿಂಗಳು ಬರುವಷ್ಟರಲ್ಲಿ ಊರಿನ ಹುರುಪೆಲ್ಲ ಇಳಿದಿತ್ತು. ಆಂಬುಲೆನ್ಸುಗಳು ಹಳೇಬೀಡು ದಾಟಿ ಹಾಸನದ ಕಡೆ ಓಡುತ್ತಿದ್ದವು. ಹೋದವರಲ್ಲಿ ಕೆಲವರು ವಾಪಸು ಬರಲಿಲ್ಲ. ವರ್ಷತೊಡಕಿನ ದಿನ ಬಾಗಿಲು ತೆರೆಯದವರು ಈಗ ಬೆಳಗಾಗುವ ಮೊದಲೇ ಶಾಲೆ ಮುಂದೆ ಚಪ್ಪಲಿ ಸಾಲಾಗಿಟ್ಟು ಜಾಗ ಹಿಡಿಯುತ್ತಿದ್ದರು. ಬೇಲೂರಿನ ತಾಲೂಕು ಆಸ್ಪತ್ರೆಯಿಂದ ಬರುವ ಡಬ್ಬಿಯಲ್ಲಿ ಕೆಲವು ದಿನ ಒಂದೇ ಸೀಸೆ, ಕೆಲವು ದಿನ ಅದೂ ಇಲ್ಲ. ಪಂಚಾಯಿತಿ ಮೆಂಬರು ಭಾವಮೈದುನನನ್ನು ಮುಂದೆ ತಂದು ನಿಲ್ಲಿಸಿದಾಗ ಹೇಮಾಶ್ರೀ ಮುಖ ನೋಡದೆ ಹಿಂದಕ್ಕೆ ಕಳಿಸಿದಳು. ಸರದಿ ಅಂದರೆ ಸರದಿ.

ಒಂದು ದಿನ ಹತ್ತು ಜನಕ್ಕೆ ಹಾಕಿ ಡಬ್ಬಿ ಮುಚ್ಚಿದಾಗ ಹನ್ನೊಂದನೆಯವಳಾಗಿ ನಿಂತಿದ್ದ ಸುವರ್ಣಮ್ಮ ಜಗಲಿಯ ಕಂಬ ಹಿಡಿದುಕೊಂಡು ಬೈದಳು. ಅವಳ ಮೈದುನ ಸತ್ತು ಇನ್ನೂ ತಿಥಿಯಾಗಿರಲಿಲ್ಲ.

"ನಮ್ಮ ದೇಶದಾಗೆ ಮಾಡಿದ್ದನ್ನ ಹೊರಗಿನೋರಿಗೆಲ್ಲಾ ಹಂಚ್ಬುಟ್ಟು ನಮಗೆ ಖಾಲಿ ಡಬ್ಬಿ ತೋರಿಸ್ತೀರಾ? ನಮ್ಮ ಹುಡುಗಂಗೆ ಸಿಗದಿದ್ದು ಯಾವನೋ ಕಾಣದ ದೇಶದಾಗಿರೋನ್ಗೆ ಯಾಕವ್ವಾ?"

ಜನ ಹೌದು ಹೌದು ಅಂದರು. ಹೇಮಾಶ್ರೀ ಡಬ್ಬಿಯ ಪಟ್ಟಿ ಬಿಗಿದಳು. ಆ ಕಾಣದ ದೇಶದಲ್ಲಿರುವವನು ನನ್ನ ಗಂಡ, ಅವನಿಗೂ ಅರ್ಧವೇ ಸಿಕ್ಕಿದೆ ಎಂದು ಹೇಳಿದರೆ ಇವರೇನು ಮಾಡಿಯಾರು? ಸುವರ್ಣಮ್ಮನ ಮಾತು ತಪ್ಪೆನ್ನಲು ಅವಳಿಗೆ ಬಾಯಿ ಬರಲಿಲ್ಲ, ಸರಿಯೆನ್ನಲು ಮನಸ್ಸು ಬರಲಿಲ್ಲ. ದಿನಾ ಬೆಳಿಗ್ಗೆ ಬೇಲೂರಿಗೆ ಫೋನು ಮಾಡಿ ಇನ್ನೊಂದು ಸೀಸೆ ಕೊಡಿ ಎಂದು ಗೋಗರೆಯುತ್ತಿದ್ದಳು. ಸಂಜೆ ಕೋಣೆಗೆ ಬಂದು, ಒಂದು ಸೀಸೆ ಆ ಕಡೆಗೂ ಹೊರಡಲಪ್ಪಾ ಎಂದು ದೇವರ ಫೋಟೊ ಮುಂದೆ ಕೈ ಮುಗಿಯುತ್ತಿದ್ದಳು. ಇದನ್ನು ಹೇಳಿಕೊಳ್ಳಲು ಒಂದು ಜೀವವೂ ಹತ್ತಿರ ಇರಲಿಲ್ಲ.

ಆಗಸ್ಟಿನಲ್ಲಿ ಉಮೇಶನಿದ್ದ ಊರಿಗೆ ಮತ್ತೆ ಲಸಿಕೆ ಬಂತು. ಯಾವುದೋ ಶ್ರೀಮಂತ ದೇಶ ತನ್ನವರಿಗೆಲ್ಲ ಹಾಕಿ ಮುಗಿಸಿ, ಕೆಡುವ ದಿನ ಹತ್ತಿರವಾದ ಮೇಲೆ ಕಳಿಸಿದ್ದು. ಗಿರಣಿಗೆ ಒಂದೇ ಸೀಸೆ. ಹತ್ತು ಜನರಲ್ಲಿ ಉಮೇಶನೂ ಇದ್ದ. ಹೇಮಾಶ್ರೀ ಅವತ್ತು ಪಾಯಸ ಮಾಡಿಕೊಂಡು ಫೋನಿಗಾಗಿ ಕಾದಳು.

"ನಾನು ಹಾಕಿಸ್ಕೊಳ್ಳಲಿಲ್ಲ ಕಣೇ" ಅಂದ ಉಮೇಶ.

"ಯಾಕ್ರೀ?"

"ಅಡುಗೆ ಅಮೇಲಿಯಾ ಅಂತ ಹೇಳ್ತಿದ್ನಲ್ಲ, ಆಯಮ್ಮ ಬಾಗ್ಲಲ್ಲಿ ನಿಂತಿತ್ತು. ಅರವತ್ತು ದಾಟೈತೆ, ಒಂದೂ ಬಿದ್ದಿಲ್ಲ. ನಂಗೆ ಒಂದಾದ್ರೂ ಬಿದ್ದೈತೆ. ದಿನಾ ಅನ್ನ ಇಕ್ಕೋ ಕೈ. ಪಕ್ಕಕ್ಕೆ ಸರಿದೆ." ಅವನ ದನಿಯಲ್ಲಿ ಹೆಮ್ಮೆಯಿತ್ತು. "ವರ್ಷತೊಡಕಲ್ಲಿ ನೀನು ಒಂಬತ್ತು ದಂಡ ಮಾಡಿದ್ಯಲ್ಲ, ಅದ್ರಲ್ಲಿ ಒಂದು ನಾನು ತೀರಿಸಿದೆ ಅನ್ಕೊ."

ತಮಾಷೆಗೆ ಅಂದಿದ್ದ. ಅದು ಅವಳ ಎದೆಗೇ ನಾಟಿತು. "ಮತ್ತೆ ನಿಮಗೆ ಯಾವಾಗ?" ಅಂದಳು. "ಬಂದಾಗ" ಅಂದ. "ಒಳ್ಳೇದು ಮಾಡಿದ್ರಿ" ಅಂದು ಫೋನು ಇಟ್ಟಳು.

ಅವನು ಮಾಡಿದ್ದು ನ್ಯಾಯ, ಅವಳಿಗೆ ಗೊತ್ತು. ಮೆಂಬರನ ಭಾವಮೈದುನನನ್ನು ಹಿಂದಕ್ಕೆ ಕಳಿಸಿದವಳಿಗೆ ಗೊತ್ತಿರದೆ ಇರುತ್ತದೆಯೇ? ಆದರೂ ಅವನು ಈ ಒಂದು ಸಲ ಅನ್ಯಾಯ ಮಾಡಬೇಕಿತ್ತು, ಯಾರನ್ನಾದರೂ ತಳ್ಳಿ ತನ್ನ ತೋಳು ಮುಂದೆ ಒಡ್ಡಬೇಕಿತ್ತು ಎಂದು ಅವಳು ಬಾಯಿಗೆ ಸೆರಗೊತ್ತಿ ಅತ್ತಳು. ಪಾಯಸ ಪಾತ್ರೆಯಲ್ಲೇ ಉಳಿಯಿತು.

ಮಾರನೆಯ ದಿನ ಜವರಪ್ಪಜ್ಜ ಎರಡನೆಯ ಲಸಿಕೆಗೆ ಬಂದ. ಹಾಕಿಸಿಕೊಂಡವರು ಅರ್ಧ ಗಂಟೆ ಅಲ್ಲೇ ಕೂರಬೇಕು. ಅಜ್ಜ ಬೆಂಚಿನ ಮೇಲೆ ಕೂತು ಅವಳ ಮುಖ ನೋಡಿದ.

"ಯಾಕವ್ವಾ ಕಣ್ಣು ಊದೈತೆ?"

ಇಷ್ಟು ತಿಂಗಳು ಯಾರಿಗೂ ಹೇಳದಿದ್ದದ್ದನ್ನು ಅವಳು ಅವನಿಗೆ ಹೇಳಿದಳು. ಆ ದೇಶ, ಗಂಡನ ಸಕ್ಕರೆ ಕಾಯಿಲೆ, ಇಲ್ಲಿಂದ ಹೋದ ಸೀಸೆ, ಅಮೇಲಿಯಾ. ಅಜ್ಜ ಕೋಲಿನ ಮೇಲೆ ಗಲ್ಲವಿಟ್ಟು ಕೇಳಿದ. ದೊಡ್ಡ ಮಾತೇನೂ ಆಡಲಿಲ್ಲ.

"ಕೊಡೋಕೆ ಮುಂಚೆ ನಿನ್ನ ಒಂದ್ಮಾತು ಕೇಳ್ಬೋದಿತ್ತಲ್ಲವ್ವಾ" ಅಂದ.

ಹೇಮಾಶ್ರೀ ಡಬ್ಬಿಯ ಮುಚ್ಚಳ ತೆಗೆದು ಮುಂದಿನ ಸೂಜಿ ಕೈಗೆತ್ತಿಕೊಂಡಳು.

"ಕೇಳಿದ್ರೆ ನಾನು ಬೇಡ ಅಂತಿದ್ದೆ, ಅಜ್ಜ. ಅದು ಅವರಿಗೆ ಗೊತ್ತು. ಅದಕ್ಕೇ ಕೇಳಲಿಲ್ಲ."

ಆಮೇಲೆ ಸಾಲಿನಲ್ಲಿದ್ದ ಸುವರ್ಣಮ್ಮನನ್ನು ಮುಂದೆ ಕರೆದಳು.