ಸಣ್ಣಪುಟ್ಟ ತಿದ್ದುಪಡಿ

"ಆ ಏಳನೇ ಸ್ಲೈಡ್ ತೆಗೆದುಬಿಡಿ," ಎಂದ ಸಂಚಾಲಕ, ಮೈಕು ಅವಳ ಕೈಗೆ ಕೊಡುತ್ತ. "ಕಂಪನಿಯವರು ಮುಂದಿನ ಸಾಲಲ್ಲೇ ಕೂತಿದಾರೆ. ನಿಮ್ಮ ಪ್ಲಗಿನ್ ದುಡ್ಡು ಕೊಟ್ಟು ಕೊಂಡ್ಕೋಬೇಕು ಅಂತಿದಾರೆ. ಈಗ್ಯಾಕೆ ಹಳೇದನ್ನ ಕೆದಕ್ತೀರಾ?"

ಬ್ಲಾಗ್ ತಂತ್ರಾಂಶ ಕಟ್ಟುವವರ ಈ ಸಮ್ಮೇಳನದಲ್ಲಿ ಎಲ್ಲರಿಗೂ ಅವಳು ಪ್ಲಗಿನ್ ಅಕ್ಕ. ಬ್ಲಾಗಿಗೆ ಜೋಡಿಸಿಕೊಳ್ಳುವ ಅವಳ ಪ್ಲಗಿನ್‌ಗೆ ಇದ್ದದ್ದು ಒಂದೇ ಕೆಲಸ, ಅರ್ಧ ಬರೆದಿಟ್ಟ ಕರಡುಗಳನ್ನು ಜೋಪಾನ ಮಾಡುವುದು. ಆರು ವರ್ಷ ಮಗುವಿನಂತೆ ಸಾಕಿದ್ದಳು. ನಾಲ್ಕು ತಿಂಗಳ ಹಿಂದೆ ಅದೇ ಪ್ಲಗಿನ್ ಕರಡುಗಳನ್ನು ನುಂಗಿ ನೀರು ಕುಡಿದಿತ್ತು.

ತಪ್ಪು ಗೊತ್ತಾದ ದಿನವೇ ಸರಿಪಡಿಸಿದ್ದಳು, ಅದು ನಿಜ. ಆದರೆ ಹೊಸ ಆವೃತ್ತಿ ಬಿಡುವಾಗ ಏನು ಬದಲಾಯಿತೆಂದು ಒಂದು ಸಾಲು ಬರೆಯುವುದು ಈ ಜನರ ಪದ್ಧತಿ. ಮಾನ ಹೋಗುವ ಭಯಕ್ಕೆ ಅಲ್ಲಿ 'ಸಣ್ಣಪುಟ್ಟ ತಿದ್ದುಪಡಿ' ಎಂದು ಬರೆದಳು. ಸಣ್ಣಪುಟ್ಟದ್ದಕ್ಕೆ ಯಾರು ಅವಸರ ಮಾಡುತ್ತಾರೆ? ಆಮೇಲೆ ಹಾಕಿಕೊಂಡರಾಯಿತು ಎಂದು ಸುಮ್ಮನಿದ್ದವರ ಕರಡುಗಳು ಇನ್ನೂ ಹನ್ನೊಂದು ದಿನ ಮಾಯವಾಗುತ್ತಲೇ ಇದ್ದವು. ಅವರಲ್ಲಿ ಅವಳ ಅತ್ತೆಯೂ ಒಬ್ಬರು.

ಅತ್ತೆ ಮೂವತ್ತು ವರ್ಷ ಹೊಲಿಗೆ ಕಲಿಸಿದವರು, ಕಲಿಸಿದ್ದನ್ನೆಲ್ಲ ಸಾವಿರಾರು ಜನ ಓದುವ ತಮ್ಮ ಬ್ಲಾಗಿನಲ್ಲಿ ಬರೆಯುತ್ತಿದ್ದರು. ನಲವತ್ತೊಂದು ಕರಡು ಹೋದಾಗ, "ನಂದೇ ಕೈ ಸರಿಯಿಲ್ಲ, ಏನೋ ಒತ್ತಿಬಿಟ್ಟೆ," ಎಂದು ಬ್ಲಾಗಿನ ಸಹವಾಸವನ್ನೇ ಬಿಟ್ಟರು. ಸೊಸೆ ಪಕ್ಕದಲ್ಲೇ ಕೂತು ತುಟಿಪಿಟಕ್ಕೆನ್ನಲಿಲ್ಲ. ನಾಚಿಕೆಗೇಡು, ಬೇರೆ ಮಾತಿಲ್ಲ.

ಮನೆಯಲ್ಲಿ ಎಷ್ಟೋ ಸಲ ಬಾಯಿತನಕ ಬಂದ ಮಾತು ವಾಪಸು ಹೋಗಿತ್ತು. ಇನ್ನೂರು ಜನರೆದುರು ವಾಪಸು ಹೋಗಲು ದಾರಿ ಇರುವುದಿಲ್ಲವೆಂದು ಇವತ್ತು ಅತ್ತೆಯನ್ನು ಕರೆತಂದು ಎರಡನೇ ಸಾಲಿನಲ್ಲಿ ಕೂರಿಸಿದ್ದಳು.

"ಸ್ಲೈಡ್ ಇರುತ್ತೆ," ಎಂದಳು. "ಪ್ಲಗಿನ್ ಬೇಡ ಅಂದ್ರೆ ಅವರಿಷ್ಟ. ಇಷ್ಟು ದಿನ ನಾನೇ ಸಾಕಿಲ್ವಾ?"

ಏಳನೇ ಸ್ಲೈಡಿನಲ್ಲಿ ಇದ್ದದ್ದು 'ಸಣ್ಣಪುಟ್ಟ ತಿದ್ದುಪಡಿ' ಎಂಬ ಆ ಎರಡು ಪದ ಮಾತ್ರ. ಅವಳು ಏನನ್ನೂ ಬಚ್ಚಿಡದೆ ಹೇಳಿದಳು. ಕಂಪನಿಯಿಂದ ಬಂದವನ ಮುಖ ಹುಳ್ಳಗಾಯಿತು. ಸಂಚಾಲಕ ಗೋಡೆಯ ಬದಿಯಿಂದ ಗಡಿಯಾರ ತೋರಿಸಿದ. ತೋರಿಸಿಕೊಳ್ಳಲಿ ಎಂದುಕೊಂಡು, ಅವಳು ಪ್ಲಗಿನ್ನಿನ ಬದಲಾವಣೆಗಳನ್ನು ಬರೆದಿಡುವ ಪುಟವನ್ನೇ ಪರದೆಯ ಮೇಲೆ ತೆರೆದಳು. ಆ ಸಾಲು ಅಳಿಸಿ, ಎಲ್ಲರೂ ನೋಡುತ್ತಿದ್ದಂತೆ ಟೈಪ್ ಮಾಡಿದಳು: 'ಈ ಪ್ಲಗಿನ್ ನಿಮ್ಮ ಕರಡುಗಳನ್ನು ಅಳಿಸುತ್ತಿತ್ತು. ತಪ್ಪು ನನ್ನದು, ನಿಮ್ಮ ಕೈಯದಲ್ಲ.' ಪ್ರಕಟಿಸಿಯೂ ಬಿಟ್ಟಳು.

ಪ್ರಶ್ನೆಗಳಿಗೆಂದು ಮೈಕು ಸಭಿಕರ ಕಡೆ ಹೋಯಿತು. ಕಂಪನಿಯವನು ಕೈ ಚಾಚುವ ಮೊದಲೇ ಅತ್ತೆ ಅದನ್ನು ಕಸಿದುಕೊಂಡರು.

"ನಾಲ್ಕು ತಿಂಗಳು ನನ್ನ ಕೈನೇ ಬೈಕೊಂಡೆ," ಎಂದರು. ಧ್ವನಿಯಲ್ಲಿ ಸಿಟ್ಟಿತ್ತು. "ನೀನು ಪಕ್ಕದಲ್ಲೇ ಕೂತು ನೋಡ್ತಿದ್ದೆ."

"ಹೌದು ಅತ್ತೆ. ಬೈರಿ."

"ಇಲ್ಲಿ ಬೈಯಲ್ಲ. ಇಲ್ಲಿರೋದು ಬರೀ ಇನ್ನೂರು ಜನ." ಅತ್ತೆ ಕನ್ನಡಕ ಏರಿಸಿಕೊಂಡರು. "ಆ ಲ್ಯಾಪ್‌ಟಾಪ್ ಈ ಕಡೆ ಕೊಡು. ಬ್ಲಾಗಲ್ಲಿ ಬೈತೀನಿ. ಕರಡು ಗಿರಡು ಏನಿಲ್ಲ, ನೇರ ಪ್ರಕಟಣೆ."