ಕೋಲಿಗೆ ಕಟ್ಟಿದ ಕೆಂಪು ಬಟ್ಟೆ

ಹೊರದೇಶದವರು ಬಂದು ಶೂಟಿಂಗ್ ಮಾಡುವ, ಮರುಭೂಮಿಯಂಚಿನ ನಮ್ಮ ವರ್ಜಾಜಾತ್ ಊರಿನಲ್ಲಿ ಸಿನಿಮಾಕ್ಕಾಗಿ ಒಮ್ಮೆಯಾದರೂ ಸಾಯದವರಿಲ್ಲ. ರಾಜರ ಯುದ್ಧಗಳಲ್ಲಿ ಸತ್ತಿದ್ದೇವೆ, ಮಾರಿ ಬೇನೆಯಲ್ಲಿ ಸತ್ತಿದ್ದೇವೆ. ಹೋದ ವರ್ಷ ಬಂದದ್ದು ಆಕಾಶದಿಂದಿಳಿದ ಮೃಗಗಳು ಮನುಷ್ಯರನ್ನು ಸೋಲಿಸುವ ಕತೆ. ಅಕ್ಕ ತೂದಾ, ಭಾವ ಬಸ್ಸೂ, ನಾನು, ಮೂವರೂ ಓಡುವ ಗುಂಪಿನಲ್ಲಿದ್ದೆವು. ಮೃಗವೆಲ್ಲಿತ್ತು? ಉದ್ದನೆಯ ಕೋಲಿಗೆ ಕೆಂಪು ಬಟ್ಟೆ ಕಟ್ಟಿ ಒಬ್ಬ ಹಿಡಿದು ನಿಂತಿದ್ದ, ಅಷ್ಟೆ.

"ಅದಕ್ಕೆ ಹೆದರಿ ಓಡಿ. ಹಿಂದೆ ಮಾತ್ರ ನೋಡಬೇಡಿ," ಎಂದರು ಸಿನಿಮಾದವರು.

ಓಡಿದೆವು. ಅಕ್ಕ ಎಡವಿ ಬಿದ್ದಳು. ಧೂಳು ಇಳಿದಾಗ ಭಾವ ಗುಡ್ಡದ ಆಚೆ ಇದ್ದರು.

ಅಂದಿನಿಂದ ಊಟಕ್ಕಿಟ್ಟಾಗಲೆಲ್ಲ ಅಕ್ಕನದು ಒಂದೇ ಮಾತು: "ಚಿಂದಿ ಬಟ್ಟೆಗೆ ಹೆದರಿ ಹೆಂಡ್ತೀನ ಬಿಟ್ಟು ಓಡಿದ ಗಂಡ್ಸು!"

"ತಿರುಗಿ ನಿಂತೆ ಕಣೇ. ಜನ ತಳ್ಕೊಂಡು ಹೋದ್ರು."

"ತಿರುಗಿದ್ರೆ ಸಿನಿಮಾದೋರು ಬೈತಿದ್ರು. ಯಾರೂ ಬೈಲಿಲ್ವಲ್ಲ?"

ಚಳಿಗಾಲದಲ್ಲಿ ಎದೆನೋವು ಬಂದು ಭಾವ ತೀರಿಕೊಂಡರು. ಜಗಳ ಮುಗಿದಿರಲಿಲ್ಲ.

ಈ ಶುಕ್ರವಾರ ಮಧ್ಯಾಹ್ನ ಆ ಸಿನಿಮಾ ನೋಡಲು, ಕುಸ್ಕುಸ್ ಉಂಡು, ಊರಿಗೆ ಊರೇ ಟಾಕೀಸಿಗೆ ಬಂದಿತ್ತು. ನಾವು ಸೋಲುವುದನ್ನು ನೋಡುವ ಚಪಲ ನಮಗೇ ಯಾಕೋ ಎಂದೆ.

"ಸೋಲೋದು ನಮ್ಗೆ ಹೊಸದೇನೇ ಹುಡ್ಗಿ?" ಪುದೀನ ಚಹಾ ಮಾರುವ ಈದರ್ ಅಜ್ಜ ನಕ್ಕರು. "ಈ ಸಲ ದೊಡ್ಡ ದೇಶದೋರೂ ನಮ್ಮ ಜೊತೇಲೇ ಓಡ್ತಾರೆ. ಆ ಚಂದ ನೋಡ್ಬೇಕು!"

ಅಕ್ಕ ನಗಲಿಲ್ಲ. "ನಂಗೆ ಒಂದೇ ನೋಡ್ಬೇಕು. ತಿರುಗಿದ್ನಾ, ಇಲ್ವಾ."

ತಿರುಗಿದ್ದರು. ತೆರೆಯ ತುಂಬ ಭಾವನ ಮುಖ, ಕೂಗಲು ತೆರೆದ ಬಾಯಿ. ಆ ಮುಖ ಕಂಡೇ ಅವತ್ತು ಯಾರೂ ಬೈಯಲಿಲ್ಲವೇನೋ. ಆದರೆ ಅವರು ನೋಡುತ್ತಿದ್ದ ಕಡೆ ಅಕ್ಕ ಇರಲಿಲ್ಲ. ಅವಳು ಬಿದ್ದಿದ್ದ ಜಾಗದಲ್ಲಿ ಈಗ, ಆಮೇಲೆ ಕಂಪ್ಯೂಟರಿನಲ್ಲಿ ಸೇರಿಸಿದ ಮೃಗ ನಿಂತಿತ್ತು. ಅವಳಿಗಾಗಿ ಹುಟ್ಟಿದ ದಿಗಿಲನ್ನೆಲ್ಲ ಅದು ತನ್ನದು ಮಾಡಿಕೊಂಡಿತ್ತು. ಟಾಕೀಸಿನಲ್ಲಿ ಎಲ್ಲರೂ ಕತ್ತು ಚಾಚಿ ನೋಡುತ್ತಿದ್ದರು. ಎಲ್ಲ ಮುಗಿಯುವಾಗ ತನಗಾಗಿ ಯಾರು ತಿರುಗಿ ನಿಲ್ಲುತ್ತಾರೆ ಎಂದು ಹುಡುಕುವುದಕ್ಕೇ ಎಲ್ಲರೂ ಬಂದಿದ್ದರೇನೋ ಅನ್ನಿಸಿತು ನನಗೆ.

ಆಮೇಲೆ ಮೃಗದ ಪಾದ ಇಳಿಯಿತು. ಭಾವ ನಿಂತಿದ್ದಲ್ಲಿ ಬರೀ ಧೂಳು.

ಅಕ್ಕ ಎರಡನೇ ಆಟಕ್ಕೂ ಕೂತಳು.

"ಮನೆಗೆ ಹೋಗೋಣ ಬಾ ಅಕ್ಕಾ."

"ಸುಮ್ನಿರೇ."

ಆ ದೃಶ್ಯ ಬಂತು. ಅಕ್ಕ ಎದ್ದು ನಿಂತಳು.

"ಕೂತ್ಕೊಳ್ಳಮ್ಮಾ, ಕಾಣಲ್ಲ!" ಹಿಂದಿನಿಂದ ಯಾರೋ ಗದರಿದರು.

ಅಕ್ಕ ತೆರೆಯನ್ನೇ ನೋಡುತ್ತಾ ಹೇಳಿದಳು: "ಎದ್ದೆ ಕಣಯ್ಯಾ. ನಂಗೇನೂ ಆಗಿಲ್ಲ. ನೀನು ಓಡು."

ಭಾವ ನೋಡುತ್ತಲೇ ನಿಂತಿದ್ದರು. ಓಡಲಿಲ್ಲ.