ಇಳಿಸದ ಹಾಯಿ

ಕಾಲುವೆ ಬಂದ್ ಆದ ಸುದ್ದಿ ಗೊರೇಬಾಳದ ಗದ್ದೆಗಳಿಗಿಂತ ಮೊದಲು ಊರ ಹಿಂದಿನ ಕೆರೆಗೆ ತಿಳಿಯುತ್ತಿತ್ತು. ದಂಡೆಯ ಕಲ್ಲುಗಳ ಮೇಲೆ ಒದ್ದೆ ಗೆರೆ ಮೂಡಿ, ನೀರು ಅದರಿಂದ ಕೆಳಕ್ಕೆ ಜಾರುತ್ತಾ ಹೋಗುತ್ತಿತ್ತು. ಆ ಗೆರೆ ಕಂಡ ಮೇಲೆ ಹಾಯಿದೋಣಿ ಸಂಘದವರು ‘ಹಾಯಿ ಇಳಿಸೋ ದಿನ’ ಗೊತ್ತುಮಾಡುತ್ತಿದ್ದರು. ಅವತ್ತು ಬೆಳಿಗ್ಗೆ ಹಂಗಾಮಿನ ಕಡೆಯ ಪಂದ್ಯ. ಆಮೇಲೆ ಹಾಯಿ ತೊಳೆದು ಒಣಗಿಸುವುದು, ದೋಣಿಗಳನ್ನು ದಂಡೆಗೆಳೆದು ಬೋರಲು ಹಾಕುವುದು, ಎಲ್ಲರೂ ಕೂತು ಉಣ್ಣುವುದು.

ಭತ್ತ ಬೆಳೆಯುವ ನಾಡಿನಲ್ಲಿ ಹಾಯಿದೋಣಿ ಯಾಕೆ ಬೇಕು ಎಂದು ಸಿಂಧನೂರಿನ ಮಂದಿ ಮೊದಮೊದಲು ನಕ್ಕಿದ್ದರು. ಕಾರವಾರದಲ್ಲಿ ಕಾಲೇಜು ಓದುವಾಗ ಈ ವಿದ್ಯೆ ಕಲಿತು ಬಂದ ಚನ್ನವೀರ ಹಟ ಹಿಡಿದು ಸಂಘ ಕಟ್ಟಿದ. ಅಕ್ಕಿ ಗಿರಣಿಯ ಅಮರಗುಂಡಪ್ಪನ ಮಗ ಅವನು. ಹಾಗಾಗಿ ಅಪ್ಪನೇ ಅಧ್ಯಕ್ಷ. ವೆಲ್ಡಿಂಗ್ ಅಂಗಡಿಯ ಶಾಕೀರ್ ಕಬ್ಬಿಣದ ಪೈಪಿನಿಂದ ಕಂಬ ಮಾಡಿಕೊಟ್ಟ. ಹಾಯಿ ಹೊಲಿಯಲು ಊರಿನ ದರ್ಜಿಗಳು ಒಲ್ಲೆ ಅಂದಾಗ ಚನ್ನವೀರ ಊರ ಹೊರಗಿನ ಕೇರಿಗೆ ಬಂದು, ರವಿಕೆ ಹೊಲಿಯುತ್ತಿದ್ದ ಅಂಜಲಿಯ ಬಾಗಿಲಲ್ಲಿ ನಿಂತಿದ್ದ.

“ಅಕ್ಕ, ಹೊಲಿದುಕೊಟ್ಟು ಸುಮ್ಮನ ಕೂಡಬ್ಯಾಡ. ನೀನೂ ಒಂದು ದೋಣಿ ಹತ್ತು. ಸಂಘದಾಗ ಧಣಿ ಗಿಣಿ ಅನ್ನೋದಿಲ್ಲ ನೋಡು. ಚನ್ನು ಅಂತ ಕರಿ.”

ಅಂಜಲಿ ಕೆರೆಯ ದಂಡೆಯಲ್ಲಿ ನಿಂತು ಮೊದಲ ಸಲ “ಏ ಚನ್ನು” ಎಂದು ಕೂಗಿದಾಗ ಅವಳ ಅವ್ವ ಗದ್ದೆಮ್ಮ ಹೆದರಿ ಸುತ್ತಲೂ ನೋಡಿದ್ದಳು. ಚನ್ನವೀರನ ಮನೆಯವರ ಗದ್ದೆಯಲ್ಲಿ ಕಳೆ ಕೀಳುತ್ತಲೇ ಬೆನ್ನು ಬಾಗಿದವಳು ಅವಳು.

ಸಂಘದ ನಿಯಮಗಳನ್ನೆಲ್ಲ ಮಾಡಿದವನೂ ಚನ್ನವೀರನೇ. ಒಬ್ಬರ ಹಾಯಿಯ ಹಗ್ಗವನ್ನು ಇನ್ನೊಬ್ಬರು ಬಿಚ್ಚಬಾರದು. ಬೇಸಿಗೆಯಲ್ಲಿ ಯಾರ ಹಾಯಿಯೂ ಅವರ ಮನೆಯಲ್ಲಿ ಇರಬಾರದು, ಜೊತೆಗಾರರ ಮನೆಯಲ್ಲಿ ಇರಬೇಕು. “ನಮ್ಮ ಹಾಯಿ ಮತ್ತೊಬ್ಬರ ಮನ್ಯಾಗ ಇದ್ರ ಯಾರೂ ಸಂಘ ಬಿಟ್ಟು ಹೋಗಂಗಿಲ್ಲ” ಎಂದಿದ್ದ. ತನ್ನ ಜೊತೆಗೆ ಅಂಜಲಿಯನ್ನೇ ಆರಿಸಿಕೊಂಡಿದ್ದ. ಕಡೆಯ ಪಂದ್ಯ ಗೆದ್ದವರ ಹಾಯಿಗೆ ಮಾತ್ರ ಬೇರೆ ಮರ್ಯಾದೆ. ಅದು ಎಲ್ಲರದಕ್ಕಿಂತ ಕೊನೆಗೆ ಇಳಿದು ಅಧ್ಯಕ್ಷರ ಪಡಸಾಲೆಗೆ ಹೋಗಬೇಕು. ಗೆದ್ದವರೇ ಒಳಗೆ ಹೋಗಿ ತೊಲೆಗೆ ಕಟ್ಟಬೇಕು. ಆಗಲೇ ಹಂಗಾಮು ಮುಗಿದಂತೆ. ಒಂದು ವರ್ಷ ಚನ್ನವೀರನ ಹಾಯಿ ಅಲ್ಲಿ ತೂಗಿತ್ತು, ಇನ್ನೊಂದು ವರ್ಷ ಕಿರಾಣಿ ಅಂಗಡಿಯವರ ಮಗಳು ನಂದಿನಿಯದೂ ತೂಗಿತ್ತು.

ಪ್ರತಿ ವರ್ಷ ಕಾಲುವೆಗೆ ನೀರು ಬಿಟ್ಟಾಗ ಅಂಜಲಿಯ ಹಾಯಿ ಚನ್ನವೀರನ ಮನೆಯಿಂದ ವಾಪಸು ಬರುತ್ತಿತ್ತು. ಅದರ ಮಡಿಕೆಯಲ್ಲಿ ಭತ್ತದ ಹೊಟ್ಟು ಸಿಕ್ಕಿಕೊಂಡಿರುತ್ತಿತ್ತು. ಮೊದಲ ವರ್ಷ ಆ ಹೊಟ್ಟನ್ನು ಅಂಗೈಯಲ್ಲಿ ಹಿಡಿದು ಅವ್ವನಿಗೆ ತೋರಿಸಿದ್ದಳು.

“ನೋಡಬೇ, ಒಳಗ ಇಟ್ಟೀನಿ ಅಂದಿದ್ದ ಚನ್ನು. ಕಣಜದ ಕೋಣ್ಯಾಗ ಇಟ್ಟಿದ್ರು.”

“ಆ ಕೋಣಿಗೆ ಅವರ ಮನಿ ಸೊಸ್ತ್ಯಾರೂ ಜಳಕ ಮಾಡದ ಕಾಲಿಡಂಗಿಲ್ಲ ಬೇ” ಎಂದು ಗದ್ದೆಮ್ಮ ದೊಡ್ಡ ಕಣ್ಣು ಮಾಡಿದ್ದಳು.

ಅವತ್ತಿನಿಂದ ಚನ್ನವೀರನ ಹಾಯಿಗೆ ಅವರ ಒಂದೇ ಕೋಣೆಯ ಮನೆಯಲ್ಲಿ ದೇವರ ಪಕ್ಕದ ಜಾಗ. ಗದ್ದೆಮ್ಮ ಮಡಿಕೆ ಮಡಿಕೆಗೂ ಬೇವಿನೆಲೆ ಇಡುತ್ತಿದ್ದಳು. ಅಡ್ಡಮಳೆಗೆ ತಗಡು ಸೋರಿದಾಗ ಅವ್ವ ಮಗಳು ತಮ್ಮ ಕೌದಿಗಳನ್ನೇ ಆ ಹಾಯಿಯ ಮೇಲೆ ಹೊದಿಸಿ, ತಾವು ನೆನೆದಿದ್ದರು.

ಈ ಸಲ ಕಡೆಯ ಪಂದ್ಯ ಗೆದ್ದವಳು ಅಂಜಲಿ.

“ಗಾಳಿಗೆ ಏನು ಲಂಚ ಕೊಟ್ಟೀ ಅಂಜಲಕ್ಕ?” ಎಂದ ಶಾಕೀರ್, ಒದ್ದೆ ಪ್ಯಾಂಟು ಹಿಂಡುತ್ತ. “ನನ್ನ ದೋಣಿ ಎಮ್ಮಿ ಮಲಗಿದಂಗ ಮಲಗಿಬಿಟ್ಟಿತು.”

“ದೋಣಿ ಅಲ್ಲಪ್ಪ, ನೀ ಮಲಗಿದ್ದಿ. ಚುಕ್ಕಾಣಿ ಹಿಡಕೊಂಡು ಗೊರಕಿ ಹೊಡಿಯಾಕತ್ತಿದ್ದಿ.”

ಎಲ್ಲರೂ ನಕ್ಕರು. ಚನ್ನವೀರನ ನಗು ಸ್ವಲ್ಪ ತಡವಾಗಿ ಬಂತು. ಅಂಜಲಿಗೆ ಅದು ಸೋತವನ ನಗು ಅನ್ನಿಸಿತು.

ಹಾಯಿಗಳು ಒಂದೊಂದಾಗಿ ಇಳಿದವು, ದೋಣಿಗಳು ದಂಡೆಗೆ ಬಂದು ಬೋರಲಾದವು. ಅಂಜಲಿಯ ದೋಣಿಯೊಂದೇ ನೀರಿನಲ್ಲಿ ಹಾಯಿ ಬಿಚ್ಚಿಕೊಂಡು ನಿಂತಿತ್ತು. ಗದ್ದೆಮ್ಮ ಇದ್ದುದರಲ್ಲಿ ಚೆಲುವಾದ ಸೀರೆ ಉಟ್ಟು ಬಂದು ದಂಡೆಯ ತುದಿಯಲ್ಲಿ ಕೂತಿದ್ದಳು, ಮಗಳು ಪಡಸಾಲೆಯೊಳಗೆ ಹೋಗುವುದನ್ನು ಬೀದಿಯಿಂದಲಾದರೂ ನೋಡಬೇಕೆಂದು. ತೊಲೆಗೆ ಕಟ್ಟಲೆಂದು ಅಂಜಲಿ ಕೆಂಪು ದಾರದ ಹೊಸ ಹುರಿ ಹೆಣೆದು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು.

ಚನ್ನವೀರ ಹತ್ತಿರ ಬಂದ. ಒಣಗಿದ ತನ್ನ ಹಾಯಿಯನ್ನು ಮಡಚುತ್ತಿದ್ದ ಅವಳ ಕೈ ನೋಡುತ್ತ ಮಾತಾಡಿದ.

“ಅಕ್ಕ, ಈ ವರ್ಷದಿಂದ ಎಲ್ಲಾ ಹಾಯಿ ನಮ್ಮ ಗಿರಣಿ ಗೋದಾಮಿನಾಗ ಇಡೋಣಂತ. ಅಪ್ಪ ಜಾಗ ಕೊಟ್ಟಾನ. ಮನಿ ಮನಿಗೆ ಹೊರೋದು ತಪ್ಪಿತು.”

“ಗೆದ್ದವರದು?”

“ಅದೂ ಅಲ್ಲೇ. ಎಲ್ಲಾದಕ್ಕಿಂತ ಮುಂದ ತೂಗ ಹಾಕೋಣ. ಮಾಲಿ ಹಾಕೋಣ.”

“ಯಾವಾಗ ಠರಾವು ಆತು ಇದು?”

“ನಿನ್ನೆ. ಹಂಗ ಕುಂತು ಮಾತಾಡಿದ್ವಿ.”

“ಯಾರ್ಯಾರು?”

ಶಾಕೀರ್ ಕಂಬದ ತುಕ್ಕು ತಿಕ್ಕತೊಡಗಿದ. ನಂದಿನಿ ಬಗ್ಗಿ ಚಪ್ಪಲಿ ಹುಡುಕಿದಳು, ಚಪ್ಪಲಿ ಕಾಲಲ್ಲೇ ಇತ್ತು. ಒಂದು ತಿಂಗಳಿಂದ ಕೆರೆಯಲ್ಲಿ ಅಂಜಲಿಯ ದೋಣಿಯೇ ಮುಂದಿತ್ತಲ್ಲ. ಹಾಗಾದರೆ ಅವಳು ಗೆಲ್ಲುತ್ತಾಳೆಂದು ಗೊತ್ತಾದ ಮೇಲೆಯೇ ಇವರು ಕೂತಿದ್ದರು, ಅವಳನ್ನು ಬಿಟ್ಟು.

ಆದರೂ ಅವಳು ನಗುತ್ತಲೇ ಕೇಳಿದಳು. “ಅಲ್ಲೋ ಚನ್ನು, ನನ್ನ ಹಾಯಿಗೆ ನಿಮ್ಮ ಮನಿ ಹೊಸದೇನು? ವರ್ಷಾ ವರ್ಷಾ ಇದ್ದು ಬಂದೈತಿ. ಕಣಜದ ಕೋಣ್ಯಾಗ ಇದ್ದದ್ದು ಪಡಸಾಲ್ಯಾಗ ಇದ್ರ ಏನಾತು?”

ಅಷ್ಟು ಹೊತ್ತಿಗೆ ಚನ್ನವೀರನ ತಾಯಿ ಪಂಪಮ್ಮ ಮಂಡಾಳು ಒಗ್ಗರಣೆಯ ಬುಟ್ಟಿ ಇಳಿಸಿ, ಹಾಳೆಗಳಿಗೆ ಹಾಕಿ ಹಾಕಿ ಕೊಡುತ್ತಿದ್ದಳು. ಮಾತು ಅವಳ ಕಿವಿಗೆ ಬಿತ್ತು.

“ಕಣಜದ ಕೋಣ್ಯಾಗ? ಯಾವ ಹಾಯಿ ಬೇ?” ಎಂದಳು. “ಚನ್ನು ಬ್ಯಾಸಗಿಗೆ ತರತಾನಲ್ಲ, ಆ ಬಿಳಿ ತಾಡಪತ್ರೇನು? ಅದು ದನದ ಕೊಟ್ಟಿಗ್ಯಾಗ ಹೊಟ್ಟಿನ ಮ್ಯಾಲ ಹೊದಿಸಿರತೈತಿ. ಸಿಂಧನೂರಾಗ ಕೊಂಡೀನಿ ಅಂದಿದ್ದ. ಚಲೋ ಐತಿ, ಗಟ್ಟಿ ಐತಿ.” ಆ ಮಾತಿನಲ್ಲಿ ಕೇಡಿರಲಿಲ್ಲ. ಮನೆಯ ಸಾಮಾನು ಎಲ್ಲಿದೆ ಎಂದು ಕೇಳಿದವರಿಗೆ ಹೇಳಿದಂತೆ ಹೇಳಿ, “ನಂದಿನಿ, ಮಿರ್ಚಿ ಇನ್ನೊಂದು ಹಾಕಲೇನು?” ಎಂದು ಆ ಕಡೆ ತಿರುಗಿದಳು.

ಅಂಜಲಿ ಅವ್ವನ ಕಡೆ ನೋಡಿದಳು. ಗದ್ದೆಮ್ಮ ಸೆರಗು ಎಳೆದುಕೊಂಡು ನೆಲ ನೋಡುತ್ತಿದ್ದಳು. ಕೇಳಿಸಿತ್ತು.

ಹಾಯಿಯ ಮೇಲಿನ ಹಸಿರು ಕಲೆಗಳನ್ನು ಕೆರೆಯ ಪಾಚಿ ಎಂದು ವರ್ಷ ವರ್ಷ ಉಜ್ಜಿದ್ದು ನೆನಪಾಯಿತು. ಸೆಗಣಿ.

“ಖರೇನ ಚನ್ನು?”

“ಮೊದಲನೇ ವರ್ಷ ಅಪ್ಪಗ ಕೇಳಿದ್ದೆ ಅಕ್ಕ. ಒಲ್ಲೆ ಅಂದ. ನಿನಗ ಹೇಳಿದ್ರ ಬ್ಯಾಸರ ಆಗತಿತ್ತು.”

“ಅದಕ್ಕ ಕೊಂಡೀನಿ ಅಂತ ನಿಮ್ಮವ್ವಗ ಹೇಳಿದಿ. ಒಳಗ ಇಟ್ಟೀನಿ ಅಂತ ನನಗ ಹೇಳಿದಿ.”

“ನಿನ್ನ ಮನಸು ನೋಯಬಾರದಂತ.”

“ನನಗ ಹ್ವಾದ ವರ್ಷ ಗೊತ್ತಾತು ಅಕ್ಕ” ಎಂದ ಶಾಕೀರ್, ತುಕ್ಕು ತಿಕ್ಕುವುದನ್ನು ನಿಲ್ಲಿಸದೆ. “ಕೊಟ್ಟಿಗಿ ಗೇಟ್ ಕೂಡಸಾಕ ಹೋಗಿದ್ದೆ.”

“ನೋಡಿ ಬಂದು ನಮ್ಮ ಮನ್ಯಾಗ ಚಾ ಕುಡಿದಿ.”

ಶಾಕೀರ್ ತಿಕ್ಕುವುದನ್ನು ಬಿಟ್ಟು ಕಂಬದ ಆಚೆ ಬದಿಗೆ ಸರಿದ.

ಅಮರಗುಂಡಪ್ಪನ ಬಾಗಿಲು ಮುಚ್ಚಿದೆ ಎಂಬುದು ಅಂಜಲಿಗೆ ಹುಟ್ಟಿದಾಗಿನಿಂದ ಗೊತ್ತು. ಅದಕ್ಕೆ ಅವಳು ಎಂದೂ ಅತ್ತವಳಲ್ಲ. ಆ ಬಾಗಿಲ ಮುಂದೆ ತಲೆಯೆತ್ತಿ ನಡೆಯುವುದನ್ನು ಕಲಿತಿದ್ದಳು. ತೆರೆದಿದೆ ಬಾ ಎಂದು ನಂಬಿಸಿದವನು ಇವನು. ಅಕ್ಕ ಎಂದವನು. ಆ ಒಂದು ಮಾತಿಗಾಗಿ ಅವಳ ಅವ್ವ ಹೊಟ್ಟನ್ನು ಕಣಜದ ಪ್ರಸಾದವೆಂದು ಕಣ್ಣಿಗೊತ್ತಿಕೊಂಡಿದ್ದಳು.

ದಂಡೆಯ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತಿದ್ದ ಅಮರಗುಂಡಪ್ಪ ಏಳದೆಯೇ ಕರೆದ. “ತಂಗಿ, ಜಲ್ದಿ ಹಗ್ಗ ಬಿಚ್ಚು. ಬಿಸಲು ಏರಾಕತ್ತೈತಿ. ಗೋದಾಮಿನ ಕೀಲಿ ತೆಗಿಸೀನಿ. ಸಣ್ಣ ಮಾತಿಗೆ ಒಳ್ಳೇ ದಿನ ಕೆಡಸಬಾರದು.”

“ಸಾವ್ಕಾರ್ರ, ಗೆದ್ದವರ ಹಾಯಿ ನಿಮ್ಮ ತೊಲಿಗೆ ಕಟ್ಟೋತನಕ ಹಂಗಾಮು ಮುಗಿಯಂಗಿಲ್ಲ. ನಿಮ್ಮ ಮಗ ಮಾಡಿದ ನಿಯಮ.”

“ನಿಯಮ ಬದಲಾತು.”

“ನನ್ನ ಯಾರೂ ಕೇಳಿಲ್ಲ ರೀ.”

ಅವಳು ಮಡಚಿ ಮುಗಿಸಿದ್ದ ಚನ್ನವೀರನ ಹಾಯಿಯನ್ನು ಅವನ ಕೈಗೆ ಕೊಡಲು ಹೋದಳು. ಅಷ್ಟರಲ್ಲಿ ಗದ್ದೆಮ್ಮ ಎದ್ದು ಬಂದು ಅದನ್ನು ಇಸಿದುಕೊಂಡಳು. ಅದರ ಮೇಲಿದ್ದ ಧೂಳನ್ನು ಅಭ್ಯಾಸಬಲದಿಂದ ಸೆರಗಿನಲ್ಲಿ ಒರೆಸಿ, ಮೊದಲ ಸಲ ಧಣಿಯ ಮಗನ ಮುಖವನ್ನು ನೇರ ನೋಡಿದಳು.

“ತೊಗೊಪ್ಪ. ನಮಗ ಕೊಟ್ಟಿಗಿ ಇಲ್ಲ. ಇರೋದೊಂದ ಕೋಣಿ. ಅದರಾಗ ಇಟ್ಟಿದ್ವಿ.”

ಅಂಜಲಿ ಮೊಣಕಾಲುದ್ದದ ನೀರಿಗೆ ಇಳಿದು ದೋಣಿಯ ಬಳಿ ಹೋದಳು. ಹಗ್ಗ ಬಿಚ್ಚುತ್ತಾಳೆ ಎಂದು ಅಮರಗುಂಡಪ್ಪ ಕುರ್ಚಿಯಿಂದ ಎದ್ದ. ಅವಳು ಸೊಂಟದ ಕೆಂಪು ಹುರಿ ತೆಗೆದು, ಹಾಯಿಯನ್ನು ಕಂಬಕ್ಕೆ ಇನ್ನಷ್ಟು ಬಿಗಿಯಾಗಿ ಕಟ್ಟಿದಳು. ಲಂಗರಿನ ಕಲ್ಲನ್ನು ಕೆಸರಿಗೆ ಒತ್ತಿ ದಂಡೆ ಹತ್ತಿದಳು. ಒಗ್ಗರಣೆಯ ಹಾಳೆಗಳ ನಡುವೆ ದಾಟಿ ಅವ್ವನ ಜೊತೆ ಕೇರಿಯ ದಾರಿ ಹಿಡಿದಳು.

ಕೆರೆ ಬತ್ತುತ್ತಾ ಬಂತು. ದೋಣಿ ಕೆಸರಿನಲ್ಲಿ ಕೂತು, ಕೆಸರು ಬಿರಿದು, ಒಣ ಕೆರೆಯಲ್ಲಿ ಬಿಳಿ ಹಾಯಿಯೊಂದೇ ಗಾಳಿಗೆ ಪಟಪಟ ಬಡಿಯುತ್ತಿತ್ತು. ಇನ್ನೊಬ್ಬರ ಹಗ್ಗ ಬಿಚ್ಚಬಾರದೆಂಬ ನಿಯಮವನ್ನು ಬದಲಿಸಲು ಯಾರಿಗೂ ಹೊಳೆದಿರಲಿಲ್ಲ. ಹೊಳೆದರೂ, ಕೇರಿಯವಳ ಹಾಯಿ ಎಂದು ಗೊತ್ತಾದ ಮೇಲೆ ಅದನ್ನು ಮುಟ್ಟಲು ಆ ಮನೆಯವರು ಬರುವಂತಿರಲಿಲ್ಲ. ರಸ್ತೆಯಲ್ಲಿ ಹೋಗುವ ಆಟೋಗಳು ನಿಂತು ನಿಂತು ನೋಡುತ್ತಿದ್ದವು. ಮಸ್ಕಿ ಸಂತೆಯಲ್ಲೂ ಮಾತಾಯಿತಂತೆ.

“ಬಿಸಲಿಗೆ ಹಾಯಿ ಅರಬಿ ಹಾಳಾಗಿ ಹೊಕ್ಕೈತಿ ಬೇ” ಎಂದಳು ಗದ್ದೆಮ್ಮ.

“ಹೋಗಲಿ. ಮತ್ತ ಹೊಲೀತೀನಿ.”

ಒಂದು ಮಧ್ಯಾಹ್ನ ಚನ್ನವೀರ ಬಂದು, ಮೊದಲ ದಿನ ನಿಂತಿದ್ದ ಅದೇ ಬಾಗಿಲಲ್ಲಿ ನಿಂತ. ಅಂಜಲಿ ಮಿಷಿನ್ ತುಳಿಯುವುದನ್ನು ನಿಲ್ಲಿಸಲಿಲ್ಲ.

“ಇಳಸಿಬಿಡು ಅಕ್ಕ. ಮಂದಿ ಕೇಳಾಕತ್ತಾರ.”

“ಏನಂತ?”

“ಅದೊಂದು ಹಾಯಿ ಯಾಕ ಇಳಿಸಿಲ್ಲಂತ.”

“ನೀ ಏನು ಹೇಳ್ತಿ?”

ಅವನು ಬಾಗಿಲ ಚೌಕಟ್ಟಿನ ಬಣ್ಣವನ್ನು ಉಗುರಿನಿಂದ ಕೆರೆದ. “ಹಗ್ಗ ಸಿಕ್ಕೊಂಡೈತಿ ಅಂದೀನಿ.”

ಅಂಜಲಿ ಹಲ್ಲಿನಿಂದ ದಾರ ಕಡಿದಳು. “ಖರೆ ಹೇಳಿದ ದಿನ ಬಾ, ಇಳಸ್ತೀನಿ. ಈಗ ಬಾಗಿಲ ಬಿಟ್ಟು ಸರಿರಿ ಧಣೇರ, ಬೆಳಕು ಬರಲಿ.”

ಚನ್ನು ಎನ್ನದ ಆ ಕರೆ ಕೇಳಿ ಅವನು ತಲೆಯೆತ್ತಿದ. ಅವಳು ಆಗಲೇ ಸೂಜಿಗೆ ದಾರ ಪೋಣಿಸುತ್ತಿದ್ದಳು. ಅವನ ಬೈಕು ಕೇರಿ ದಾಟಿ, ಕೆರೆಯ ದಾರಿ ಬಿಟ್ಟು, ಹೊಲಗಳ ಸುತ್ತಿನ ದಾರಿ ಹಿಡಿದ ಸದ್ದು ಕೇಳಿಸಿತು.